ತಂತಿಯಲ್ಲಿ ಹರಿದ ಬಾನುಲಿ

ತರಗತಿಯಲ್ಲಿ ವಿದ್ಯುತ್ಕಾಂತ ಅಲೆಗಳ ಪಾಠ ನಡೆಯುತ್ತಿದ್ದಾಗ, ಕೋಲಾರ ಚಿನ್ನದ ಗಣಿಯ ಕಡೆಯಿಂದ ಬರುವ ವಿದ್ಯಾರ್ಥಿಯೊಬ್ಬ ಎದ್ದು ನಿಂತು ನಮ್ಮನ್ನು ಒಂದು ಪ್ರಶ್ನೆ ಕೇಳಿದ. “ಸಾರ್, ಬೆಳಕೂ ವಿದ್ಯುತ್ಕಾಂತ ಅಲೆ, ರೇಡಿಯೊ ಅಲೆಯೂ ವಿದ್ಯುತ್ಕಾಂತ ಅಲೆ, ಎರಡರ ವೇಗವೂ ಒಂದೇ ಎಂದು ಹೇಳಿದಿರಿ. ರಾತ್ರಿ ನಾನು ಟಾರ್ಚು ಹಿಡಿದು ಬೀದಿಯಲ್ಲಿ ನಡೆದರೆ ಯಾರೂ ಲೈಸೆನ್ಸು ಕೇಳುವುದಿಲ್ಲ. ಪುಟ್ಟದೊಂದು ರೇಡಿಯೊ ಪ್ರೇಷಕವನ್ನು ಕಟ್ಟಿ ಹಚ್ಚಿದರೆ ಮಾತ್ರ ಏಕೆ ಕೇಳಬೇಕು?”

ತರಗತಿ ನಕ್ಕಿತು. ನಮಗೆ ನಗು ಬರಲಿಲ್ಲ. ಪಠ್ಯಪುಸ್ತಕದ ಅಧ್ಯಾಯಗಳ ಕೊನೆಯಲ್ಲಿ ಇಂಥ ಪ್ರಶ್ನೆ ಇರುವುದಿಲ್ಲ. ಆದರೂ ಇದು ಒಳ್ಳೆಯ ಪ್ರಶ್ನೆ. ಅದರಲ್ಲಿ ಅರ್ಧ ಭಾಗ ಭೌತಶಾಸ್ತ್ರಕ್ಕೆ ಸೇರಿದ್ದು, ಇನ್ನರ್ಧ ನ್ಯಾಯಕ್ಕೆ ಸೇರಿದ್ದು. ಈ ಎರಡನೆಯ ಅರ್ಧಕ್ಕೆ ಉತ್ತರ ಹುಡುಕಲು ಆ ವಿದ್ಯಾರ್ಥಿ ದೇಶಾಂತರ ಹೋಗಬೇಕಾಗಿಲ್ಲ. ಅವನ ನೆರೆಯಲ್ಲಿಯೇ, ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ, ‘ನಮ್ಮ ಧ್ವನಿ’ ಎಂಬ ಬಾನುಲಿ ಕೇಂದ್ರವಿದೆ. ಅದು ಹುಟ್ಟಿ ಬೆಳೆದ ಬಗೆಯನ್ನು ತಿಳಿದರೆ ಸಾಕು. ಈ ಲೇಖನದಲ್ಲಿ ನಾವು ಹೇಳಬೇಕೆಂದಿರುವುದು ಒಂದೇ ಮಾತು: ಅಲೆಗಳಿಗೆ ಕಟ್ಟಳೆ ಬೇಕು, ಆದರೆ ಆ ಕಟ್ಟಳೆಯ ಅಳತೆಯನ್ನು ಭೌತಶಾಸ್ತ್ರದಿಂದ ಪಡೆಯಬೇಕೇ ಹೊರತು ಅಂಜಿಕೆಯಿಂದ ಪಡೆಯಬಾರದು.

ಮೊದಲು ಭೌತಶಾಸ್ತ್ರದ ಅರ್ಧವನ್ನು ನೋಡೋಣ. ಕತ್ತಲೆಯ ಬಯಲಿನಲ್ಲಿ ಇಬ್ಬರು ಎರಡು ಟಾರ್ಚುಗಳನ್ನು ಹಿಡಿದು ನಿಂತಿದ್ದಾರೆನ್ನಿ. ನಮ್ಮ ಕಣ್ಣಿಗೆ ಎರಡೂ ಬೇರೆಬೇರೆಯಾಗಿಯೇ ಕಾಣುತ್ತವೆ. ಬೇರೆಬೇರೆ ದಿಕ್ಕಿನಿಂದ ಬಂದ ಬೆಳಕನ್ನು ಕಣ್ಣಿನ ಮಸೂರವು ಅಕ್ಷಿಪಟಲದ ಬೇರೆಬೇರೆ ಬಿಂದುಗಳ ಮೇಲೆ ಬೀಳಿಸುವುದೇ ಇದಕ್ಕೆ ಕಾರಣ. ಅಂದರೆ ಕಣ್ಣು ಬೆಳಕನ್ನು ದಿಕ್ಕಿನಿಂದ ವಿಂಗಡಿಸುತ್ತದೆ. ಈ ಸಾಮರ್ಥ್ಯ ಅದಕ್ಕೆ ಎಲ್ಲಿಂದ ಬಂತು? ಬೆಳಕಿನ ಅಲೆಯುದ್ದ ಸುಮಾರು 0.0005 ಮಿಲಿಮೀಟರು, ಕಣ್ಣಿನ ಪಾಪೆಯ ಅಗಲ ಸುಮಾರು 3 ಮಿಲಿಮೀಟರು. ಪಾಪೆ ಅಲೆಗಿಂತ 6,000 ಪಟ್ಟು ದೊಡ್ಡದು.

ಈಗ 90.4 ಮೆಗಾಹರ್ಟ್ಸ್ ಆವೃತ್ತಿಯ ರೇಡಿಯೊ ಅಲೆಯನ್ನು ತೆಗೆದುಕೊಳ್ಳಿ. ಬೆಳಕಿನ ವೇಗವನ್ನು ಈ ಆವೃತ್ತಿಯಿಂದ ಭಾಗಿಸಿದರೆ ಅಲೆಯುದ್ದ ಸುಮಾರು 3.3 ಮೀಟರು ಎಂದು ತಿಳಿಯುತ್ತದೆ. ಈ ಅಲೆಯನ್ನು ನಮ್ಮ ಕಣ್ಣಿನಷ್ಟೇ ಚೊಕ್ಕವಾಗಿ ದಿಕ್ಕಿನಿಂದ ವಿಂಗಡಿಸಬೇಕಾದರೆ, ಅದರ 6,000 ಪಟ್ಟು, ಎಂದರೆ 20 ಕಿಲೋಮೀಟರು ಅಗಲದ ಪಾಪೆ ಬೇಕಾದೀತು! ಮೇಜಿನ ಮೇಲಿನ ರೇಡಿಯೊದ ಆಂಟೆನಾ ಒಂದು ಮೀಟರೂ ಇರುವುದಿಲ್ಲ. ಆದುದರಿಂದ ರೇಡಿಯೊ ಗ್ರಾಹಕವು ದಿಕ್ಕಿನ ಗೊಡವೆಗೆ ಹೋಗದೆ, ಆವೃತ್ತಿಯಿಂದಲೇ ಕೇಂದ್ರಗಳನ್ನು ವಿಂಗಡಿಸುತ್ತದೆ. ಇಬ್ಬರು ಒಂದೇ ಆವೃತ್ತಿಯಲ್ಲಿ ಒಂದೇ ಊರಿನೊಳಗೆ ಮಾತನಾಡತೊಡಗಿದರೆ ಅದು ದಿಕ್ಕುಗೆಡುತ್ತದೆ. ಸಂತೆಯಲ್ಲಿ ಇಬ್ಬರು ವ್ಯಾಪಾರಿಗಳು ಒಂದೇ ದನಿಯಲ್ಲಿ ಕೂಗಿದರೆ ಯಾರ ಬೆಲೆಯೂ ಕಿವಿಗೆ ಬೀಳದಂತಹ ಸ್ಥಿತಿ ಅದು.

ಇನ್ನೊಂದು ಎಚ್ಚರಿಕೆಯೂ ಉಂಟು. ಎಫ್.ಎಂ. ಪ್ರಸಾರದ ಪಟ್ಟಿ 108 ಮೆಗಾಹರ್ಟ್ಸಿಗೆ ಮುಗಿಯುತ್ತದೆ. ಅಲ್ಲಿಂದ ಮೇಲಕ್ಕೆ ವಿಮಾನಗಳಿಗೆ ದಾರಿ ತೋರುವ ಸಂಕೇತಗಳ ಪಟ್ಟಿ ಆರಂಭವಾಗುತ್ತದೆ. ಒರಟಾಗಿ ಕಟ್ಟಿದ ಪ್ರೇಷಕವು ತನಗೆ ಹೇಳಿದ ಆವೃತ್ತಿಯಲ್ಲಿ ಮಾತ್ರ ನಿಲ್ಲದೆ ಅಕ್ಕಪಕ್ಕದ ಹೊಲಗಳಿಗೂ ನುಗ್ಗುತ್ತದೆ. ಆದುದರಿಂದ ಆ ವಿದ್ಯಾರ್ಥಿಗೆ ನಾವು ಕೊಟ್ಟ ಮೊದಲ ಉತ್ತರ ಇದು: “ಲೈಸೆನ್ಸು ಬೇಕು, ನ್ಯಾಯವಾಗಿಯೇ ಬೇಕು. ಅದಿಲ್ಲದೆ ಪ್ರೇಷಕವನ್ನು ಹಚ್ಚಬೇಡ.”

ಆದರೆ ಮಾತು ಇಲ್ಲಿಗೆ ಮುಗಿಯುವುದಿಲ್ಲ. ಕಟ್ಟಳೆ ಬೇಕೆಂದು ಒಪ್ಪಿದ ಮೇಲೆ ಅದು ಎಷ್ಟು ದೂರ ಚಾಚಬೇಕು? ಅಲೆ ಎಷ್ಟು ದೂರ ಹೋಗುವುದೋ ಅಷ್ಟು ದೂರ ಎಂಬುದೇ ಸಹಜವಾದ ಉತ್ತರ. ಇಲ್ಲಿಯೇ ನಮ್ಮ ದೇಶದ ಕಾನೂನು ಬಹುಕಾಲ ದಾರಿ ತಪ್ಪಿತೆಂದು ನಮ್ಮ ಅಭಿಪ್ರಾಯ.

ಚರಿತ್ರೆಯನ್ನು ಸ್ವಲ್ಪ ತಿರುವಿ ನೋಡೋಣ. ಭಾರತೀಯ ತಂತಿ ಕಾಯಿದೆ ಹುಟ್ಟಿದುದು 1885ರಲ್ಲಿ. ಜರ್ಮನಿಯ ಹೈನ್ರಿಖ್ ಹರ್ಟ್ಸ್ ತನ್ನ ಪ್ರಯೋಗಶಾಲೆಯಲ್ಲಿ ರೇಡಿಯೊ ಅಲೆಗಳನ್ನು ಹುಟ್ಟಿಸಿ ತೋರಿಸಿದುದು 1887-88ರಲ್ಲಿ. ಅಂದರೆ ರೇಡಿಯೊ ಅಲೆಯನ್ನು ಮನುಷ್ಯನು ಕೈಯಾರೆ ಹುಟ್ಟಿಸುವುದಕ್ಕೆ ಮುಂಚೆಯೇ, ಮುಂದೆ ಅದನ್ನು ಆಳಬೇಕಾಗಿದ್ದ ಕಾನೂನು ಸಿದ್ಧವಾಗಿತ್ತು. ತಂತಿಯ ಮೂಲಕ ಸುದ್ದಿ ಕಳುಹಿಸುವ ಅಧಿಕಾರ ಸರ್ಕಾರದ್ದೇ ಎಂದು ಆ ಕಾಯಿದೆ ಸಾರಿತು. ನಿಸ್ತಂತು ಬಂದಾಗ ಅದನ್ನೂ ಅದರ ಹೊದಿಕೆಯೊಳಕ್ಕೆ ಎಳೆದುಕೊಂಡರು. 1933ರಲ್ಲಿ ನಿಸ್ತಂತು ಉಪಕರಣಗಳಿಗೆಂದೇ ಇನ್ನೊಂದು ಕಾಯಿದೆ ಬಂತು. ಪರರಾಜ್ಯದ ಪ್ರಜೆಗಳು ತಮ್ಮತಮ್ಮಲ್ಲಿ ಏನು ಮಾತನಾಡುತ್ತಾರೋ ಎಂಬ ಭಯ ಆಳುವವರಿಗೆ ಇದ್ದುದು ಸಹಜ. ಸ್ವಾತಂತ್ರ್ಯಾನಂತರವೂ ಆ ಬೀಗವನ್ನು ಯಾರೂ ತೆಗೆಯದೆ ಹೋದುದು ಮಾತ್ರ ಸೋಜಿಗ. 1885ರ ಕಾಯಿದೆಯ ಸ್ಥಾನದಲ್ಲಿ ನಿಲ್ಲಬೇಕಾದ ದೂರಸಂಪರ್ಕ ಕಾಯಿದೆಯನ್ನು ಸಂಸತ್ತು ಅಂಗೀಕರಿಸಿದುದು 2023ರ ಡಿಸೆಂಬರಿನಲ್ಲಿ!

ಇದಕ್ಕಿಂತಲೂ ಸೋಜಿಗದ ಸಂಗತಿಯೆಂದರೆ, ಕನ್ನಡ ನಾಡಿನ ಬಾನುಲಿ ಹುಟ್ಟಿದುದೇ ಒಂದು ಪುಟ್ಟ ಸ್ಥಳೀಯ ಕೇಂದ್ರವಾಗಿ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಲ್ಲಿ 30 ವ್ಯಾಟಿನ ಪ್ರೇಷಕವೊಂದನ್ನು ಹಚ್ಚಿ ಪ್ರಸಾರವನ್ನು ಆರಂಭಿಸಿದರು. ಮೂವತ್ತು ವ್ಯಾಟು ಎಂದರೆ ಓದುವ ಮೇಜಿನ ಮೇಲಿನ ಹಳೆಯ ಕಾಲದ ಬಲ್ಬಿನಷ್ಟು ಶಕ್ತಿ! ಈ ಮನೆಯ ಬಾನುಲಿಗೆ ‘ಆಕಾಶವಾಣಿ’ ಎಂದು ಹೆಸರಾಯಿತು. 1942ರಲ್ಲಿ ಮೈಸೂರು ಸಂಸ್ಥಾನ ಅದನ್ನು ವಹಿಸಿಕೊಂಡಿತು. 1950ರ ದಶಕದಲ್ಲಿ ಇಡೀ ದೇಶದ ಬಾನುಲಿಯೇ ಆ ಹೆಸರನ್ನು ಧರಿಸಿತು. ದೇಶಕ್ಕೆ ಹೆಸರು ಕೊಟ್ಟ ಬಾನುಲಿಯನ್ನು ಒಬ್ಬ ಅಧ್ಯಾಪಕರು ತಮ್ಮ ಮನೆಯಿಂದ ನಡೆಸಿದ್ದರು. ಅದಾದ 60 ವರ್ಷಗಳ ಮೇಲೆಯೂ ಒಂದು ಹಳ್ಳಿಗಾಗಲಿ ಒಂದು ಕಾಲೇಜಿಗಾಗಲಿ ಅಂಥ ಕೆಲಸಕ್ಕೆ ಕೈಹಾಕುವ ಅಧಿಕಾರ ಇರಲಿಲ್ಲ.

ಹೀಗಿರಲು 1995ರ ಫೆಬ್ರುವರಿಯಲ್ಲಿ, ಕ್ರಿಕೆಟ್ ಪಂದ್ಯಗಳ ಪ್ರಸಾರಕ್ಕೆ ಸಂಬಂಧಿಸಿದ ವ್ಯಾಜ್ಯವೊಂದರಲ್ಲಿ, ಸರ್ವೋಚ್ಚ ನ್ಯಾಯಾಲಯವು ವಾಯುತರಂಗಗಳು ಸಾರ್ವಜನಿಕರ ಸ್ವತ್ತೆಂದು ತೀರ್ಪು ಕೊಟ್ಟಿತು. ‘ವಾಯುತರಂಗ’ ಎಂಬ ಮಾತು ಭೌತಶಾಸ್ತ್ರದವರ ಕಿವಿಗೆ ತುಸು ಚುಚ್ಚುತ್ತದೆ. ರೇಡಿಯೊ ಅಲೆಗೆ ವಾಯುವಿನ ಹಂಗಿಲ್ಲ. ಶೂನ್ಯದಲ್ಲಿ ಅದು ಇನ್ನೂ ಚೆನ್ನಾಗಿ ಸಾಗುತ್ತದೆ. ಆದರೆ ತೀರ್ಪಿನ ತಿರುಳಿನಲ್ಲಿ ತಪ್ಪಿಲ್ಲ. ಅಲೆಗಳು ಎಲ್ಲರ ಸೊತ್ತು. ಅವನ್ನು ಹಂಚುವ ಕೆಲಸ ಸಾರ್ವಜನಿಕ ಹಿತಕ್ಕಾಗಿ ನಡೆಯಬೇಕು. ನೆರೆಯ ನೇಪಾಳದಲ್ಲಿ 1997ರಲ್ಲಿಯೇ ‘ರೇಡಿಯೊ ಸಾಗರಮಾಥಾ’ ಎಂಬ ಸರ್ಕಾರೇತರ ಕೇಂದ್ರ ಮಾತನಾಡತೊಡಗಿತು. ನಮ್ಮಲ್ಲಿ ತೀರ್ಪು ಬಂತು, ಬಾಗಿಲು ತೆರೆಯಲಿಲ್ಲ.

ಈಗ ಬೂದಿಕೋಟೆಗೆ ಬರೋಣ. ಬಂಗಾರಪೇಟೆಯಿಂದ ದಕ್ಷಿಣಕ್ಕೆ, ಮಾರ್ಕಂಡೇಯ ಜಲಾಶಯದ ಮಗ್ಗುಲಲ್ಲಿರುವ ಊರು ಇದು. ಹೈದರಾಲಿ ಹುಟ್ಟಿದ ಸ್ಥಳವೆಂದು ಇತಿಹಾಸದ ಪುಸ್ತಕಗಳಲ್ಲಿ ಒಂದು ಸಾಲು ಇದಕ್ಕೆ ಮೀಸಲು. ಆಂಧ್ರವೂ ತಮಿಳುನಾಡೂ ಹತ್ತಿರವಿರುವುದರಿಂದ ಇಲ್ಲಿಯ ಸಂತೆಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಬೆರೆಯುತ್ತವೆ. ಬೆಂಗಳೂರಿನಿಂದ ಬರುವ ಶಿಷ್ಟ ಕನ್ನಡದ ಬಾನುಲಿಯಲ್ಲಿ ಈ ಬೆರಕೆಯ ಮಾತಿಗೆ ಎಡೆಯೆಲ್ಲಿ?

ಈ ಸೀಮೆಗೆ ಇನ್ನೊಂದು ತಂತಿಯ ಕಥೆಯೂ ಉಂಟು. ಕಾವೇರಿಯ ಶಿವನಸಮುದ್ರದಲ್ಲಿ ಹುಟ್ಟಿಸಿದ ವಿದ್ಯುತ್ತನ್ನು 1902ರಲ್ಲಿ ಸುಮಾರು 147 ಕಿಲೋಮೀಟರು ಉದ್ದದ ತಂತಿಯ ಮೂಲಕ ಕೋಲಾರ ಚಿನ್ನದ ಗಣಿಗಳಿಗೆ ತಂದರು. ಅಷ್ಟು ದೂರ ವಿದ್ಯುತ್ತನ್ನು ಸಾಗಿಸಿದುದು ಆ ಕಾಲಕ್ಕೆ ಲೋಕವೇ ಬೆರಗಾಗುವ ಸಾಹಸ. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಹತ್ತಿದುದು ಅದಾದ ಮೂರು ವರ್ಷಗಳ ಮೇಲೆ, 1905ರಲ್ಲಿ. ಆದರೆ ಆ ತಂತಿ ಎಳೆದುದು ಗಣಿಯ ಯಂತ್ರಗಳಿಗಾಗಿ. ಅದರ ಕೆಳಗಿದ್ದ ಹಳ್ಳಿಗಳಿಗಾಗಿ ಅಲ್ಲ. ಹಳ್ಳಿಗರ ತಲೆಯ ಮೇಲೆ ಶಕ್ತಿ ಹರಿದುಹೋಯಿತು. ಅವರ ಗುಡಿಸಲಿನಲ್ಲಿ ಎಣ್ಣೆಯ ದೀಪವೇ ಉಳಿಯಿತು. ಬಾನುಲಿಯ ಸಂಗತಿಯೂ ಹೀಗೆಯೇ. ದೊಡ್ಡ ಕೇಂದ್ರಗಳ ಅಲೆಗಳು ಹಗಲಿರುಳೂ ಹಳ್ಳಿಯ ಮೇಲೆ ಹಾದುಹೋಗುತ್ತವೆ; ಹಳ್ಳಿಯಿಂದ ಹೊರಡುವ ಅಲೆ ಮಾತ್ರ ಒಂದೂ ಇರಲಿಲ್ಲ.

2001ನೆಯ ಇಸವಿ ಈ ಸೀಮೆಗೆ ಎರಡು ಕಾರಣಗಳಿಂದ ನೆನಪಿನಲ್ಲಿರಬೇಕಾದ ವರ್ಷ. ಫೆಬ್ರುವರಿ 28ರಂದು ಚಿನ್ನದ ಗಣಿಗಳು ಮುಚ್ಚಿದವು; ನೂರಿಪ್ಪತ್ತು ವರ್ಷಗಳ ಕಸುಬು ನಿಂತಿತು. ಅದೇ ವರ್ಷ ಬೂದಿಕೋಟೆಯಲ್ಲಿ ಒಂದು ಧ್ವನಿಮುದ್ರಣ ಕೇಂದ್ರ ತೆರೆಯಿತು. ಮಹಿಳೆಯರ ಉಳಿತಾಯ ಸಂಘಗಳನ್ನು ಕಟ್ಟುವುದರಲ್ಲಿ 1980ರ ದಶಕದಿಂದಲೂ ದುಡಿದಿದ್ದ ‘ಮೈರಾಡ’ ಸಂಸ್ಥೆ, ಬೆಂಗಳೂರಿನ ‘ವಾಯ್ಸಸ್’ ಸಂಸ್ಥೆ, ಇವುಗಳ ಬೆಂಬಲಕ್ಕೆ ಯುನೆಸ್ಕೊ: ಈ ಮೂರರ ನೆರವಿನಿಂದ ಅದು ಮೈದಾಳಿತು. ಇಟ್ಟ ಹೆಸರು ‘ನಮ್ಮ ಧ್ವನಿ’. ಹಳ್ಳಿಯ ತರುಣ ತರುಣಿಯರು ಮೈಕು ಹಿಡಿಯುವುದನ್ನೂ ಧ್ವನಿಮುದ್ರಿಕೆಯನ್ನು ಕತ್ತರಿಸಿ ಜೋಡಿಸುವುದನ್ನೂ ಕಲಿತರು. ಬೇಸಾಯ, ಆರೋಗ್ಯ, ಉಳಿತಾಯ, ಮಕ್ಕಳ ಓದು, ಊರಿನ ಹಾಡು, ಇವೆಲ್ಲವೂ ಅವರ ಕಾರ್ಯಕ್ರಮಗಳ ವಸ್ತುಗಳಾದವು.

ಕಾರ್ಯಕ್ರಮವೇನೋ ಸಿದ್ಧವಾಯಿತು, ಅದನ್ನು ಬಿತ್ತರಿಸುವುದು ಹೇಗೆ? ಪ್ರೇಷಕವನ್ನು ಹಚ್ಚುವಂತಿಲ್ಲ. ಆಗ ಅವರು ಅಲೆಯ ಕೆಲಸವನ್ನು ಕಾಲಿಗೆ ವಹಿಸಿದರು. ಮುದ್ರಿಸಿದ ಕ್ಯಾಸೆಟ್ಟುಗಳನ್ನು ಸಂಘದ ಸಭೆಗಳಿಗೆ ಹೊತ್ತುಕೊಂಡು ಹೋಗಿ ಟೇಪ್ ರೆಕಾರ್ಡರಿನಲ್ಲಿ ಕೇಳಿಸಿದರು. ಊರಿನಲ್ಲಿ ಧ್ವನಿವರ್ಧಕದ ಮೂಲಕ ಹಾಕಿದರು. ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರು ಓಡಬಲ್ಲ ಅಲೆಗೆ ಅಪ್ಪಣೆ ಇಲ್ಲದೆ ಹೋದುದರಿಂದ, ಗಂಟೆಗೆ ನಾಲ್ಕೈದು ಕಿಲೋಮೀಟರಿನ ನಡಿಗೆಯಲ್ಲಿ ಬಾನುಲಿ ಊರೂರು ಸುತ್ತಿತು!

ಆಮೇಲೆ ಹೊಳೆದ ಉಪಾಯವೇ ಈ ಕಥೆಯ ಸ್ವಾರಸ್ಯ. ಊರಿನ ಮನೆಗಳಿಗೆ ದೂರದರ್ಶನದ ಕೇಬಲ್ ಬಂದಿತ್ತು. ಕೇಬಲ್ ಜಾಲಗಳಿಗೆ 1995ರಲ್ಲಿ ಬೇರೊಂದು ಕಾಯಿದೆ ಆಗಿತ್ತು. ಜಾಲ ನಡೆಸುವವನು ನೋಂದಣಿ ಮಾಡಿಸಿಕೊಂಡಿದ್ದರೆ ಸಾಕಾಗಿತ್ತು. 2003ರ ಮಾರ್ಚಿನಲ್ಲಿ ‘ನಮ್ಮ ಧ್ವನಿ’ ಆ ಕೇಬಲ್ಲಿನ ಮೂಲಕ ಮನೆಗಳನ್ನು ಹೊಕ್ಕಿತು. ಕೇಬಲ್ಲಿನಲ್ಲಿ ನಡೆಯುವ ಸಮುದಾಯ ಬಾನುಲಿಗಳಲ್ಲಿ ಭಾರತದಲ್ಲಿಯೇ ಮೊದಲನೆಯದೆಂಬ ಹೆಸರು ಇದಕ್ಕೆ ಸಂದಿತು.

ವಿದ್ಯಾರ್ಥಿಗಳು ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು. ದೂರದರ್ಶನದ ಕೇಬಲ್ ಎಂದರೆ ನಡುವೆ ತಾಮ್ರದ ಎಳೆ, ಅದರ ಸುತ್ತ ಅವಾಹಕ, ಅದರ ಹೊರಗೆ ಲೋಹದ ಹೆಣಿಗೆಯ ಹೊದಿಕೆ. ಅದರೊಳಗೆ ಓಡುವುದೂ ವಿದ್ಯುತ್ಕಾಂತ ಅಲೆಯೇ. ಲೋಹದ ಹೊದಿಕೆಯು ಅದನ್ನು ಹೊರಗೆ ಸೋರದಂತೆ ತಡೆಯುತ್ತದೆ, ಅಷ್ಟೇ. ಒಂದೇ ಮಾತು, ಒಂದೇ ಹಾಡು, ಒಂದೇ ಜಾತಿಯ ಅಲೆ: ಬೆರಳು ಗಾತ್ರದ ಕೊಳವೆಯೊಳಗಿದ್ದರೆ ನ್ಯಾಯ, ಹೊರಕ್ಕೆ ಬಂದರೆ ಅಪರಾಧ! ತಂತಿ ಕಾಯಿದೆಯಿಂದ ತಪ್ಪಿಸಿಕೊಳ್ಳುವುದಕ್ಕಾಗಿ ಬಾನುಲಿಯೇ ತಂತಿಯೊಳಗೆ ಅಡಗಿ ಕುಳಿತುಕೊಳ್ಳಬೇಕಾಯಿತು. ಅದೂ ಕೇಬಲ್ ಎಳೆದಿದ್ದಷ್ಟು ದೂರ ಮಾತ್ರ. ಕೇಬಲ್ಲಿಗೆ ಹಣ ಕೊಡಲಾರದ ಮನೆಗೆ, ಹೊಲದಲ್ಲಿ ಕಳೆ ಕೀಳುವ ಹೆಣ್ಣುಮಗಳಿಗೆ, ಮುಂದಿನ ಹಳ್ಳಿಗೆ ಅದು ಮುಟ್ಟಲಿಲ್ಲ. ಬಾನುಲಿಯ ಹಿರಿಮೆ ಇರುವುದೇ ಬಾನಿನಲ್ಲಿ. ಅದನ್ನು ಕಸಿದುಕೊಂಡರೆ ಉಳಿಯುವುದು ‘ಉಲಿ’ ಮಾತ್ರ.

ಬಾನಿಗೆ ಕೈಹಾಕಿದವರ ಗತಿ ಏನಾಯಿತು? ಆಂಧ್ರದ ಕರ್ನೂಲು ಜಿಲ್ಲೆಯ ಓರ್ವಕಲ್ಲಿನಲ್ಲಿ ಮಹಿಳಾ ಸಂಘದವರು 2002ರಲ್ಲಿ ಅತ್ಯಲ್ಪ ಶಕ್ತಿಯ ಪ್ರೇಷಕವೊಂದನ್ನು ಇಟ್ಟುಕೊಂಡು ‘ಮನ ರೇಡಿಯೊ’ ನಡೆಸಿದರು. 2003ರ ಮೊದಲ ತಿಂಗಳುಗಳಲ್ಲಿಯೇ ಅಧಿಕಾರಿಗಳು ಅದನ್ನು ನಿಲ್ಲಿಸಿಬಿಟ್ಟರು. ಬಿಹಾರದ ಮನ್ಸೂರ್‌ಪುರದಲ್ಲಿ ತರುಣನೊಬ್ಬ ಸುಮಾರು 50 ರೂಪಾಯಿಯ ಬಿಡಿಭಾಗಗಳಿಂದ ಪ್ರೇಷಕವೊಂದನ್ನು ಕಟ್ಟಿ ಊರವರಿಗೆ ಹಾಡು ಕೇಳಿಸುತ್ತಿದ್ದ. 2006ರಲ್ಲಿ ಅದಕ್ಕೂ ಬೀಗ ಬಿತ್ತು.

ಕಾನೂನಿನ ಪರವಾಗಿ ಹೇಳುವ ಮಾತೊಂದಿದೆ: ಅಲೆಗಳ ಪಟ್ಟಿ ಕಿರಿದು, ಬೇಡುವವರು ಬಹಳ, ಎಲ್ಲರಿಗೂ ಕೊಟ್ಟರೆ ಗದ್ದಲವಾಗುತ್ತದೆ. ಈ ಮಾತನ್ನು ಅಳೆದು ನೋಡೋಣ. ಆಕಾಶವಾಣಿಯ ಬೆಂಗಳೂರು ಕೇಂದ್ರವನ್ನು ನಮ್ಮ ಹಿರಿಯರು ಕೇಳುತ್ತಿದ್ದುದು 612 ಕಿಲೋಹರ್ಟ್ಸ್ ಆವೃತ್ತಿಯ ಮಧ್ಯಮ ತರಂಗದಲ್ಲಿ. ಇದರ ಅಲೆಯುದ್ದ ಸುಮಾರು 490 ಮೀಟರು. ಇಂಥ ನೀಳವಾದ ಅಲೆ ನೆಲವನ್ನು ತಬ್ಬಿಕೊಂಡು ಬಹುದೂರ ಸಾಗುತ್ತದೆ. ಇರುಳಾದ ಮೇಲೆ ಅಯಾನುಮಂಡಲದಿಂದ ಪ್ರತಿಫಲನಗೊಂಡು ನೂರಾರು ಕಿಲೋಮೀಟರು ಆಚೆಗೆ ಇಳಿಯುತ್ತದೆ. ಇಂಥ ಅಲೆಯನ್ನು ಇಡೀ ದೇಶದ ಲೆಕ್ಕದಲ್ಲಿ ಹಂಚಲೇಬೇಕು. ಆ ಕಾಲದ ಬಿಗಿಗೆ ಭೌತಶಾಸ್ತ್ರದ ಬೆಂಬಲ ತಕ್ಕಮಟ್ಟಿಗೆ ಇದ್ದಿತೆಂದು ಒಪ್ಪುತ್ತೇವೆ.

ಎಫ್.ಎಂ. ಅಲೆಯ ಗುಣ ಬೇರೆ. ಅಯಾನುಮಂಡಲವು ಇದನ್ನು ಸಾಮಾನ್ಯವಾಗಿ ಹಿಂದಕ್ಕೆ ಕಳುಹಿಸುವುದಿಲ್ಲ. ಇದು ಹೆಚ್ಚುಕಡಮೆ ದೃಷ್ಟಿಯ ನೇರದಲ್ಲಿಯೇ ಹೋಗುತ್ತದೆ. ಭೂಮಿ ಗುಂಡಗಿರುವುದರಿಂದ 30 ಮೀಟರು ಎತ್ತರದ ಕಂಬದ ತುದಿಯಿಂದ ಕಾಣುವ ದಿಗಂತ ಎಷ್ಟು ದೂರ? ಪೈಥಾಗೊರಸನ ಪ್ರಮೇಯವನ್ನು ಬಲ್ಲವರು ಕಂಬದ ಎತ್ತರವನ್ನು ಭೂಮಿಯ ವ್ಯಾಸದಿಂದ ಗುಣಿಸಿ ವರ್ಗಮೂಲ ತೆಗೆದರೆ ಉತ್ತರ ದೊರೆಯುತ್ತದೆ: ಸುಮಾರು 20 ಕಿಲೋಮೀಟರು. ವಾತಾವರಣದಲ್ಲಿ ಅಲೆ ತುಸು ಬಾಗುವುದರಿಂದ ಇದಕ್ಕೆ ಇನ್ನೊಂದೆರಡು ಕಿಲೋಮೀಟರು ಸೇರಿಸಬಹುದು. ಆದರೆ ಕೋಲಾರ ಸೀಮೆಯ ಬಂಡೆಗುಡ್ಡಗಳೂ ಮರಗಳೂ ಮನೆಗೋಡೆಗಳೂ ಅಡ್ಡ ಬರುತ್ತವೆ. ನಿಲಯದ ಶಕ್ತಿ 100 ವ್ಯಾಟಾದರೆ, ಅದು ಎಲ್ಲ ಕಡೆಗೂ ಸಮನಾಗಿ ಹರಡಿತೆಂದುಕೊಂಡರೂ, 10 ಕಿಲೋಮೀಟರು ದೂರದಲ್ಲಿ ಒಂದು ಚದರ ಮೀಟರಿನ ಮೇಲೆ ಬೀಳುವ ಪಾಲು ಒಂದು ವ್ಯಾಟಿನ ಕೋಟಿಯಲ್ಲಿ ಒಂದಂಶಕ್ಕಿಂತಲೂ ಕಡಮೆ. ಇದನ್ನು ಹಿಡಿದು ಹಾಡಾಗಿಸುವುದು ಗ್ರಾಹಕದ ಜಾಣ್ಮೆ. ದಿಗಂತ ದಾಟಿದ ಮೇಲೆ ಆ ಜಾಣ್ಮೆಯೂ ಸೋಲುತ್ತದೆ. ಇದಲ್ಲದೆ ಎಫ್.ಎಂ. ಗ್ರಾಹಕಕ್ಕೆ ಒಂದು ವಿಶೇಷ ಗುಣವುಂಟು. ಒಂದೇ ಆವೃತ್ತಿಯಲ್ಲಿ ಎರಡು ಸಂಕೇತಗಳು ಬಂದರೆ, ಸಾಕಷ್ಟು ಬಲವಾದುದನ್ನು ಹಿಡಿದು ದುರ್ಬಲವಾದುದನ್ನು ಅದು ಅದುಮಿಬಿಡುತ್ತದೆ.

ಹೀಗಾಗಿ ಬೂದಿಕೋಟೆಯ 100 ವ್ಯಾಟಿನ ಕೇಂದ್ರ ಮೈಸೂರಿಗಾಗಲಿ ಮಂಗಳೂರಿಗಾಗಲಿ ಎಂದಿಗೂ ತೊಂದರೆ ಕೊಡಲಾರದು. ಅದೇ ಆವೃತ್ತಿಯನ್ನು ದೂರದ ನೂರಾರು ಊರುಗಳು ತಮ್ಮತಮ್ಮ ಊರಿಗೆಂದು ಬಳಸಬಹುದು. ಅಲೆಯ ಅಭಾವವೆಂಬುದು ದೊಡ್ಡ ಪ್ರೇಷಕಗಳ ಲೋಕದ ಸಮಸ್ಯೆ. ಸಣ್ಣ ಪ್ರೇಷಕಗಳ ಲೋಕದಲ್ಲಿ ಬಾನು ವಿಶಾಲವಾಗಿದೆ. ಹಳ್ಳಿಗಳಿಗೆ ಬಾನುಲಿಯನ್ನು ನಿರಾಕರಿಸಿದುದು ಭೌತಶಾಸ್ತ್ರವಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಕೊನೆಗೆ ಬಾಗಿಲು ತೆರೆಯಿತು, ಆದರೆ ಅಂಗುಲ ಅಂಗುಲವಾಗಿ. 2002ರ ಡಿಸೆಂಬರಿನಲ್ಲಿ ವಿದ್ಯಾಸಂಸ್ಥೆಗಳಿಗೆ ಅವಕಾಶ ಕೊಡುವ ನಿರ್ಧಾರವಾಯಿತು; 2004ರಲ್ಲಿ ಮದರಾಸಿನ ಅಣ್ಣಾ ವಿಶ್ವವಿದ್ಯಾನಿಲಯದ ಕೇಂದ್ರ ಮಾತನಾಡಿತು. 2006ರ ನವೆಂಬರಿನ ನೀತಿಯಿಂದ ಸಮುದಾಯದಲ್ಲಿ ದುಡಿಯುವ ಸಂಸ್ಥೆಗಳಿಗೂ ಬಾಗಿಲು ತೆರೆಯಿತು. ಹೊರಸೂಸುವ ಶಕ್ತಿ 100 ವ್ಯಾಟು, ಕಂಬದ ಎತ್ತರ 30 ಮೀಟರು, ಇವು ಸಾಮಾನ್ಯವಾಗಿ ಮೀರಬಾರದ ಮಿತಿಗಳು; ಕಾರ್ಯಕ್ರಮಗಳಲ್ಲಿ ಅರ್ಧವಾದರೂ ಸ್ಥಳೀಯವಾಗಿ ತಯಾರಾಗಿರಬೇಕು. ಮೇಲೆ ನಾವು ಲೆಕ್ಕ ಹಾಕಿದುದು ಈ ಮಿತಿಗಳನ್ನೇ. 2008ರ ಅಕ್ಟೋಬರಿನಲ್ಲಿ ಆಗಿನ ಮೇದಕ್ ಜಿಲ್ಲೆಯ ದಲಿತ ಮಹಿಳೆಯರು ‘ಸಂಗಂ ರೇಡಿಯೊ’ವನ್ನು ಆರಂಭಿಸಿದರು. ‘ನಮ್ಮ ಧ್ವನಿ’ಯೂ ತಂತಿಯಿಂದ ಹೊರಬಂದು 90.4 ಮೆಗಾಹರ್ಟ್ಸ್ ಆವೃತ್ತಿಯಲ್ಲಿ ಬಾನಿಗೇರಿತು. ಇಂದು ದೇಶದಲ್ಲಿ ಇಂಥ ಕೇಂದ್ರಗಳ ಸಂಖ್ಯೆ ಸುಮಾರು 500. ಹಳ್ಳಿಗಳ ಸಂಖ್ಯೆಯ ಮುಂದೆ ಇದೆಷ್ಟರದು?

ಒಂದು ಬೇಲಿ ಇನ್ನೂ ಉಳಿದಿದೆ. ಸಮುದಾಯ ಬಾನುಲಿಯು ತಾನಾಗಿ ಸುದ್ದಿಯನ್ನಾಗಲಿ ಪ್ರಚಲಿತ ವಿದ್ಯಮಾನಗಳನ್ನಾಗಲಿ ಪ್ರಸಾರ ಮಾಡುವಂತಿಲ್ಲ. ಆಕಾಶವಾಣಿಯ ಸುದ್ದಿಯನ್ನು ಇದ್ದಂತೆಯೇ ಮರುಪ್ರಸಾರ ಮಾಡಬಹುದು. ಹವಾಮಾನ, ಪರೀಕ್ಷೆಯ ದಿನಾಂಕ, ನೀರು ವಿದ್ಯುತ್ತಿನ ಪ್ರಕಟಣೆ ಮುಂತಾದುವನ್ನು ಸುದ್ದಿಯೆಂದು ಎಣಿಸುವುದಿಲ್ಲವೆಂಬ ರಿಯಾಯಿತಿಯೂ ಉಂಟು. ನಾಳೆ ನಲ್ಲಿಯಲ್ಲಿ ನೀರು ಎಷ್ಟು ಹೊತ್ತಿಗೆ ಬರುತ್ತದೆಂದು ಹೇಳಬಹುದು. ನಿನ್ನೆ ಏಕೆ ಬರಲಿಲ್ಲವೆಂದು ಪಂಚಾಯಿತಿಯನ್ನು ಕೇಳಿ, ಕೇಳಿದುದನ್ನು ಬಿತ್ತರಿಸಹೊರಟರೆ ಗೆರೆ ಎಲ್ಲಿದೆಯೋ ಎಂಬ ಅಳುಕು ಕೇಂದ್ರದವರನ್ನು ಕಾಡುತ್ತದೆ. ಗಡಿಯ ಸೀಮೆಗಳಲ್ಲಿ ದುರುಪಯೋಗವಾದೀತು, ಜಾತಿಮತಗಳ ಕಿಡಿ ಹೊತ್ತೀತು ಎಂಬ ಆಕ್ಷೇಪವನ್ನು ನಾವು ತಳ್ಳಿಹಾಕುವುದಿಲ್ಲ. ಕೆಟ್ಟ ಮಾತಿಗೆ ಶಿಕ್ಷೆ ಕೊಡುವ ಕಾನೂನುಗಳು ಇದ್ದೇ ಇವೆ. ಅವು ಹಳ್ಳಿಯ ಬಾನುಲಿಗೂ ಅನ್ವಯಿಸಲಿ. ಇಡೀ ದೇಶಕ್ಕೆ ಮುಟ್ಟುವ ವೃತ್ತಪತ್ರಿಕೆಗೂ ದೂರದರ್ಶನ ವಾಹಿನಿಗಳಿಗೂ ಇರುವ ಅಧಿಕಾರ, ಕೂಗಿದರೆ ಕೇಳುವಷ್ಟು ದೂರ ಮಾತ್ರ ಮುಟ್ಟುವ ಕೇಂದ್ರಕ್ಕೆ ಇಲ್ಲವೆಂಬುದು ನ್ಯಾಯವಾಗಿ ಕಾಣುವುದಿಲ್ಲ.

ಕೈಯಲ್ಲಿ ಮೊಬೈಲು ಇರುವಾಗ ರೇಡಿಯೊ ಏತಕ್ಕೆ ಎಂದು ನಮ್ಮ ವಾಚಕರಲ್ಲಿ ಅನೇಕರು ಕೇಳಿಯಾರು. ಇದಕ್ಕೂ ಭೌತಶಾಸ್ತ್ರವೇ ಉತ್ತರ ಕೊಡುತ್ತದೆ. ಮೊಬೈಲಿನ ಗೋಪುರವು ತನ್ನ ಪಾಲಿನ ಆವೃತ್ತಿಗಳನ್ನು ಮಾತನಾಡುವವರೆಲ್ಲರಿಗೂ ಹಂಚಬೇಕು. ಜನ ಹೆಚ್ಚಿದಷ್ಟೂ ಒಬ್ಬೊಬ್ಬರ ಪಾಲು ಕಿರಿದಾಗುತ್ತದೆ. ನೆರೆ ಬಂದಾಗ, ಗಾಳಿಮಳೆಯಾದಾಗ, ಎಲ್ಲರೂ ಒಮ್ಮೆಗೇ ಮೊಬೈಲು ಹಿಡಿದಾಗ ಅದು ತಡವರಿಸುವುದು ಇದರಿಂದಲೇ. ಬಾನುಲಿಯ ಪ್ರೇಷಕಕ್ಕೆ ಹತ್ತು ಮಂದಿ ಕೇಳಿದರೂ ಹತ್ತು ಸಾವಿರ ಮಂದಿ ಕೇಳಿದರೂ ಒಂದೇ. ಕೇಳುವವನು ಮಾಸಿಕ ಶುಲ್ಕ ಕೊಡಬೇಕಾಗಿಲ್ಲ. ಓದು ಬರಹ ಬಲ್ಲವನಾಗಿರಬೇಕಾಗಿಲ್ಲ. ತಾನು ಏನು ಕೇಳಿದೆನೆಂಬುದನ್ನು ಯಾವ ದೂರದ ಗಣಕಯಂತ್ರಕ್ಕೂ ಒಪ್ಪಿಸಬೇಕಾಗಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಮೊಬೈಲಿನಲ್ಲಿ ಹಳ್ಳಿಗ ಲೋಕದ ಮಾತನ್ನು ಒಬ್ಬೊಂಟಿಯಾಗಿ ಕೇಳುತ್ತಾನೆ. ತನ್ನೂರ ಬಾನುಲಿಯಲ್ಲಿ ತನ್ನ ನೆರೆಯವಳ ಮಾತನ್ನು ಎಲ್ಲರೊಡನೆ ಕೇಳುತ್ತಾನೆ.

ಇದೆಲ್ಲವನ್ನೂ ವಿದ್ಯಾರ್ಥಿಗಳ ಮುಂದೆ ಏಕೆ ಹೇಳುತ್ತಿದ್ದೇವೆ? ಬಂಗಾರಪೇಟೆ, ಕೆ.ಜಿ.ಎಫ್., ಕೋಲಾರಗಳ ಶಾಲೆ ಕಾಲೇಜುಗಳಲ್ಲಿ ನೂರಾರು ಮಂದಿ ಪ್ರತಿವರ್ಷವೂ ಅಲೆಯುದ್ದದ ಲೆಕ್ಕವನ್ನು ತಪ್ಪಿಲ್ಲದೆ ಮಾಡಿ ಅಂಕ ಪಡೆಯುತ್ತಾರೆ. ಆ ಅಲೆ ಹೊರಡುವ ಕಂಬ ತಮ್ಮ ತಾಲ್ಲೂಕಿನಲ್ಲಿಯೇ ಇದೆಯೆಂದು ಅವರಲ್ಲಿ ಎಷ್ಟು ಮಂದಿಗೆ ಗೊತ್ತು? ಇದರಲ್ಲಿ ತಪ್ಪು ಅವರದಲ್ಲ, ಅಧ್ಯಾಪಕರಾದ ನಮ್ಮದು. ಆದುದರಿಂದ ಒಂದು ಪ್ರಯೋಗವನ್ನು ಸೂಚಿಸುತ್ತೇವೆ. ಇದಕ್ಕೆ ಯಾವ ಲೈಸೆನ್ಸೂ ಬೇಡ. ಕೇಂದ್ರದ ಪ್ರಸಾರದ ಹೊತ್ತನ್ನು ವಿಚಾರಿಸಿಕೊಂಡು, ಅಗ್ಗದ ಎಫ್.ಎಂ. ರೇಡಿಯೊ ಒಂದನ್ನೂ ತಾಲ್ಲೂಕಿನ ನಕ್ಷೆಯೊಂದನ್ನೂ ಹಿಡಿದು ಕೇಂದ್ರದಿಂದ ಹೊರಡಿ. ಪ್ರತಿ ಕಿಲೋಮೀಟರಿಗೂ ನಿಂತು ಧ್ವನಿ ಹೇಗಿದೆಯೆಂದು ಬರೆದುಕೊಳ್ಳಿ. ಗುಡ್ಡದ ಮರೆಯಲ್ಲಿ ಏನಾಗುತ್ತದೆ? ಆಂಟೆನಾ ಮಲಗಿಸಿದರೆ, ನಿಲ್ಲಿಸಿದರೆ ಏನು ವ್ಯತ್ಯಾಸ? ಮೊರೆತ ಮಾತನ್ನು ನುಂಗಿದ ಸ್ಥಳಗಳನ್ನೆಲ್ಲ ನಕ್ಷೆಯಲ್ಲಿ ಗುರುತಿಸಿ ಗೆರೆಯಿಂದ ಜೋಡಿಸಿ. 20 ಕಿಲೋಮೀಟರಿನ ನಮ್ಮ ಲೆಕ್ಕ ಎಲ್ಲಿ ನಿಂತಿತು, ಎಲ್ಲಿ ಸೋತಿತು ಎಂಬುದು ಕಣ್ಣಿಗೆ ಕಾಣುತ್ತದೆ. ಆ ನಕ್ಷೆಯ ಒಂದು ಪ್ರತಿಯನ್ನು ಕೇಂದ್ರಕ್ಕೆ ಕೊಡಿ. ತಮ್ಮ ದನಿ ಯಾವ ಹಳ್ಳಿಗೆ ಮುಟ್ಟುತ್ತಿಲ್ಲವೆಂದು ತಿಳಿಯುವುದು ಅವರಿಗೆ ಉಪಕಾರವಾದೀತು.

ಆ ನಕ್ಷೆಯೇ ನಮ್ಮ ವಿದ್ಯಾರ್ಥಿಯ ಪ್ರಶ್ನೆಗೆ ಪೂರ್ಣ ಉತ್ತರ. ಟಾರ್ಚಿನ ಬೆಳಕಿಗೆ ಲೈಸೆನ್ಸು ಬೇಡ. ರೇಡಿಯೊ ಅಲೆಗೆ ಬೇಕು. ಆದರೆ ಆ ಲೈಸೆನ್ಸಿನ ಬಿಗಿಯನ್ನು ತೀರ್ಮಾನಿಸಬೇಕಾದುದು ನೀವು ಎಳೆದ ಆ ಗೆರೆ. ಗೆರೆಯ ಒಳಗಿನವರು ತಮ್ಮ ಮಾತನ್ನು ತಾವೇ ಆಡಿಕೊಳ್ಳಲಿ. ಗೆರೆಯ ಹೊರಗಿನವರಿಗೆ ಅದರಿಂದ ನಷ್ಟವೇನೂ ಇಲ್ಲ.